ನಗೋರು ನಗ್ರಿ, ನಾ ರೋಲ್ ಕ್ಯಾಮೆರಾನ ಹಿಡಿಯಾಕಿ

ಹೋದ ತಿಂಗಳ ತಂಗಿ ಮಗನ ಮುಂಜಿವಿಯೊಳಗ ನಾ ಹಳೇ ಯಾಶಿಕಾ ಕ್ಯಾಮೆರಾಕ್ಕ ರೋಲ್ ಹಾಕ್ಕೊಂಡು ನಿಂತಿದ್ದು ನೋಡಿ ಭಾಳ ಮಂದಿ ನಕ್ರಿ. "ಫೋಟೋ ಹೆಂಗ ಬಂದದ ತೋರಸು ದೊಡ್ಡಮ್ಮ" ಅಂತ ಹುಡುಗರು ಕ್ಯಾಮೆರಾದ ಹಿಂದ ನೋಡಿದ್ರ ಅಲ್ಲೆ ಪರದೆನ ಇಲ್ಲ, ಬರೇ ಕರೀ ಮುಚ್ಚಳ! ನಗ್ಲಿ ಬಿಡ್ರಿ. ಆದ್ರ ನಮ್ಮ ಸಣ್ಣ ವೈನಿ "ಇದೆಲ್ಲಾ ರೊಕ್ಕ ಹೆಚ್ಚಾದವರ ಚಟ" ಅಂದ್ರಲ್ಲ, ಅದಕ್ಕ ಉತ್ತರ ಕೊಡದ ನಾ ಬಿಡೂದಿಲ್ಲ.

ತುಟ್ಟಿ ಅನ್ನೋದು ಖರೇ. 36 ಫೋಟೋದ ಒಂದು ಕಲರ್ ರೋಲಿಗೆ ಸಾವಿರದ ಹತ್ರ ಕೊಟ್ಟೆ. ತೊಳಸ್ಲಿಕ್ಕೆ ಬ್ಯಾರೆ, ಪ್ರಿಂಟಿಗೆ ಬ್ಯಾರೆ, ಬೆಂಗಳೂರಿಗೆ ಕೊರಿಯರ್ ಬ್ಯಾರೆ. ಫೋನ್ ಪುಕಟ ಅಂತೀರಿ. "ಮೆಮೊರಿ ಫುಲ್" ಅಂತ ಮೂರು ವರ್ಷಕ್ಕೊಂದು ಹೊಸಾ ಫೋನ್ ತಗೋತೀರಲ್ಲ, ಅದರ ಲೆಕ್ಕಾ ಯಾರು ಇಡ್ತಾರ?

ರೋಲಿನ ಬಣ್ಣಕ್ಕ ಜೀವ ಅದ ಅಂತ ನಮ್ಮ ಅಳಿಯ ಹೇಳ್ತಾನ. ನಂಗೇನೂ ಹಂಗ ಅನಸೂದಿಲ್ಲ, ಫೋನಿನ ಬಣ್ಣನೂ ಚಂದನ ಅದ. ನನ್ನ ಜಗಳ ಬ್ಯಾರೆ.

2019ರಾಗ ನಮ್ಮವ್ವ ತೀರಿಕೊಂಡ್ಲು. ಹಾರ ಹಾಕ್ಲಿಕ್ಕೆ ಒಂದು ಫೋಟೋ ಬೇಕಾಗಿತ್ತು. ಐದು ಮಂದಿ ಮಕ್ಕಳು, ಮೊಮ್ಮಕ್ಕಳದೂ ಸೇರಿ ಹತ್ತು ಫೋನು. ಅವ್ವನ ಫೋಟೋಕ್ಕ ಲೆಕ್ಕನ ಇರಲಿಲ್ಲ, ಆದ್ರ ಒಂದ್ರಾಗ ಕಣ್ಣು ಮುಚ್ಯಾಳ, ಒಂದ್ರಾಗ ಮೊಮ್ಮಗನ ಹೆಗಲಿನ ಹಿಂದ ಅರ್ಧಾ ಮಾರಿ. ಛಲೋ ಇದ್ದವೆಲ್ಲಾ ತಮ್ಮನ ಹಳೇ ಫೋನಿನೊಳಗ, ಅದು ಹಿಂದಿನ ವರ್ಷನ ನೀರಾಗ ಬಿದ್ದು ಸತ್ತಿತ್ತು. ಮೂರು ತಾಸು ಹುಡುಕಿದಿವಿ. ಕಡೀಕ ಅಟ್ಟದ ಮ್ಯಾಲಿನ ಟ್ರಂಕಿನಾಗ 1993ರ ಅಲ್ಬಮ್ ಸಿಕ್ತು, ಅದರ ಹಿಂದಿನ ಪಾಕೀಟಿನೊಳಗ ನೆಗೆಟಿವ್ ಪಟ್ಟಿ. ಬೆಳಕಿಗೆ ಹಿಡದು ನೋಡಿದ್ರ ತುಳಸಿಕಟ್ಟಿ ಮುಂದ ಹಸೀ ಕೂದ್ಲ ಬಿಟ್ಕೊಂಡು, ನೆಟ್ಟಗ ನೋಡ್ಕೋತ ಅವ್ವ ನಿಂತಾಳ. ಸ್ಟುಡಿಯೋದವರು ಅದನ್ನ ದೊಡ್ಡದು ಮಾಡಿ ಕೊಟ್ರು. ಈಗ ಗ್ವಾಡಿ ಮ್ಯಾಲ ಇರೋದು ಅದ.

ಅವತ್ತು ಹಬ್ಬ ಇರಲಿಲ್ಲ, ಹುಣ್ಣಿವಿ ಇರಲಿಲ್ಲ. ಅಕ್ಕನ ಮದುವಿ ಆದ ಮ್ಯಾಲ ರೋಲಿನಾಗ ಎರಡು ಫೋಟೋ ಉಳದಿದ್ದವು, ತೊಳಸ್ಲಿಕ್ಕೆ ಕೊಡೂಕಿಂತ ಮೊದಲು ಮುಗಸಬೇಕಂತ ಅಪ್ಪ ಅವ್ವನ್ನ ನಿಲ್ಲಿಸಿ ತಗದಿದ್ರು. ನಿಮ್ಮ ಮನಿ ಅಲ್ಬಮ್ಮಿನಾಗೂ ಹಿಂಥಾವು ಇರ್ತಾವ, ತಗದು ನೋಡ್ರಿ.

ಆ ಕಾಲ ಬಂಗಾರದ್ದಿತ್ತು ಅಂತಲೂ ನಾ ಹೇಳೂದಿಲ್ಲ. ಮದುವಿ ಆಗಿ ಬಂದ ಮ್ಯಾಲ ಹದಿನಾರು ವರ್ಷ ನನ್ನ ಕೈಗೆ ಕ್ಯಾಮೆರಾ ಕೊಟ್ಟವರಿಲ್ಲ. "ರೋಲ್ ಹಾಳ ಮಾಡ್ತಿ, ಬಿಡು." ಹಂಗ ಅಂದ ನಮ್ಮನಿಯವರ, ರೋಲ್ ತಿರುಗಿ ಸುತ್ತದನ ಮುಚ್ಚಳ ತಗದು ಮಗಳ ಜಾವಳದ ಅಷ್ಟೂ ಫೋಟೋ ಬೆಳಕಿಗೆ ಕೊಟ್ರು! ನಾ ಫೋಟೋ ತಗೀಲಿಕ್ಕೆ ಕಲತದ್ದು 2008ರಾಗ ಮಗಳು ಸಣ್ಣ ಡಿಜಿಟಲ್ ಕ್ಯಾಮೆರಾ ತಂದ ಮ್ಯಾಲ. ಕೆಡಿಸಿದ್ರ ಅಳಿಸಿದ್ರಾತು, ಯಾರೂ ಬೈಯೂದಿಲ್ಲ. ಆ ಉಪಕಾರ ನಾ ಮರತಿಲ್ಲ.

ಆದ್ರ ಅಲ್ಬಮ್ಮಿಗೆ ಪಾಸ್‌ವರ್ಡ್ ಇರಲಿಲ್ಲ. ಬಾಜೂ ಮನಿ ಕಾಕು ಬಂದ್ರೂ ಪುಟ ತಿರುವ್ತಿದ್ರು, "ಈಕಿ ಯಾರಲೇ?" ಅಂತ ಕೇಳ್ತಿದ್ರು, ಒಂದು ಕಥಿ ಹೊರಗ ಬರ್ತಿತ್ತು. ಈಗ ಮಗನ ಫೋನಿನಾಗ ಇರೋ ನನ್ನ ಫೋಟೋ ನೋಡಬೇಕಂದ್ರ ಮಗನ ಬೆರಳು ಬೇಕು. ಮನಿ ಫೋಟೋ ಮನೀವು ಆಗಿ ಉಳದಿಲ್ಲ, ನನ್ನ ಜಗಳ ಇದು.

"ಫೋನಿಂದನ ಪ್ರಿಂಟ್ ಹಾಕಸಬಹುದಲ್ಲ?" ಅಂತೀರಿ. ಹಾಕಸಬಹುದು. ಹೋದ ವರ್ಷ ಎಷ್ಟು ಹಾಕಿಸಿದ್ರಿ ಹೇಳ್ರಿ?

ರೋಲ್ ಕಾಲ ಮುಗೀತು ಅನ್ನೋದೂ ಪೂರಾ ಖರೇ ಅಲ್ಲ. 1975ರಾಗ ಡಿಜಿಟಲ್ ಕ್ಯಾಮೆರಾ ಮೊದಲ ಮಾಡಿದ್ದು ರೋಲ್ ಮಾರೋ ಕೋಡಕ್ಕಿನವರ, 2012ರಾಗ ದಿವಾಳಿ ಅರ್ಜಿ ಹಾಕಿದವರೂ ಅವರ, ಆದ್ರೂ ಇವತ್ತಿಗೂ ರೋಲ್ ಮಾಡ್ತಾರ. ಪೆಂಟ್ಯಾಕ್ಸಿನವರು 2024ರಾಗ ಹೊಸಾ ರೋಲ್ ಕ್ಯಾಮೆರಾ ತಂದಾರ, ಒಂದೊಂದು ಫೋಟೋಕ್ಕ ಅರ್ಧಾ ಜಾಗಾ, ಹಿಂಗಾಗಿ 36ರ ರೋಲಿನಾಗ 72 ಬರ್ತಾವ. ನಮ್ಮಂಥಾ ಲೆಕ್ಕಾಚಾರದವ್ರು ಯಾರೋ ಅಲ್ಲೆ ಇರಬೇಕು.

ತೊಳಸ್ಲಿಕ್ಕೆ ಕೊಡೋವ್ರು ಒಂದು ನೆನಪಿಡ್ರಿ, ನೆಗೆಟಿವ್ ವಾಪಸ್ ಕೇಳಿ ಇಸ್ಕೋರಿ. ಈಗ ಬರೇ ಫೋನಿಗೆ ಫೋಟೋ ಕಳಿಸಿ ಸುಮ್ಮನಾಗೋವ್ರು ಇದ್ದಾರ. ಮಳಿಗಾಲದಾಗ ನೆಗೆಟಿವ್‌ಗೂ ಬೂಸ್ಟ್ ಬರ್ತದ. ನಾ ಒಣಾ ಸ್ಟೀಲ್ ಡಬ್ಬಿಯೊಳಗ, ಔಷಧದ ಬಾಟ್ಲಿಯಾಗ ಬರ್ತದಲ್ಲ ಸಣ್ಣ ಪುಡಿಕಿ, ಅದನ್ನ ಹಾಕಿ ಇಟ್ಟೀನಿ.

ಮುಂಜಿವಿ ರೋಲ್ ಮೊನ್ನೆ ಬಂತು. 36ರಾಗ 33 ಛಲೋ, ಎರಡ್ರಾಗ ನನ್ನ ಬೆರಳು, ಒಂದು ಪೂರಾ ಕತ್ತಲಿ. ಎಲ್ಲಾರ ಊಟ ಆದ ಮ್ಯಾಲ ರೋಲ್ ಮುಗಸ್ಲಿಕ್ಕಂತ ತಗದದ್ದು ನಿಮ್ಮದು, ಸಣ್ಣ ವೈನಿ. ಅಡಗಿಮನಿ ಹೊಸ್ತಿಲದಾಗ ಕಾಲು ಚಾಚಿ ಕೂತು, ನನ್ನ ನೋಡಿ ನಗಲಿಕ್ಕೆ ಹತ್ತೀರಿ. ಎರಡು ಪ್ರಿಂಟ್ ಹಾಕ್ಸೀನಿ. ಗುರುವಾರ ಚಹಾಕ್ಕ ಬರ್ರಿ, ಒಂದು ತಗೊಂಡು ಹೋಗ್ರಿ.