ನಾಯಕನೊಡನೆ ಅಸ್ತಮಿಸುವ ಪಕ್ಷಗಳು

ಚಾಮರಾಜನಗರ ಸೀಮೆಯ ಉಮ್ಮತ್ತೂರು ಒಂದು ಕಾಲಕ್ಕೆ ವಿಜಯನಗರಕ್ಕೇ ಎದುರು ನಿಂತ ಪಾಳೆಯಪಟ್ಟಾಗಿತ್ತು. ೧೬ನೆಯ ಶತಮಾನದ ಆದಿಯಲ್ಲಿ ಕೃಷ್ಣದೇವರಾಯನು ದಂಡೆತ್ತಿ ಬಂದು ಗಂಗರಾಜನನ್ನು ಸೋಲಿಸಲು, ಅದರ ಬಲವೂ ಮುರಿಯಿತು. ಒಡೆಯನೊಬ್ಬನ ತೋಳನ್ನೇ ನಂಬಿದ ಪ್ರತಿಭಟನೆಯು ಅವನೊಡನೆಯೇ ಬೀಳುವುದು ಅರಸರ ಕಾಲಕ್ಕೆ ಸಹಜವು. ಪ್ರಜಾಪ್ರಭುತ್ವದ ಪ್ರತಿಪಕ್ಷಗಳೂ ಅದೇ ಹಾದಿಯನ್ನು ಹಿಡಿದಿರುವುದು ವಿಷಾದಕರವಾದ ಸಂಗತಿ.

ದೇವರಾಜ ಅರಸರು ಇಂದಿರಾ ಕಾಂಗ್ರೆಸ್ಸಿನಿಂದ ಹೊರಬಿದ್ದ ಬಳಿಕ ಕ್ರಾಂತಿರಂಗವನ್ನು ಕಟ್ಟಿದರು. ೧೯೮೨ರ ಜೂನ್ ತಿಂಗಳಿನಲ್ಲಿ ಅವರು ದಿವಂಗತರಾದರು. ೧೯೮೩ರ ಚುನಾವಣೆಯನ್ನು ಜನತಾಪಕ್ಷದ ಜೊತೆಗೂಡಿ ಎದುರಿಸಿದ ರಂಗಕ್ಕೆ ಆಮೇಲೆ ಸ್ವತಂತ್ರ ಬಾಳು ಉಳಿಯಲಿಲ್ಲ. ೨೦೦೪ರಲ್ಲಿ ಚಾಮರಾಜನಗರದಿಂದ ಆರಿಸಿಬಂದ ಶ್ರೀ ವಾಟಾಳ್ ನಾಗರಾಜರ ಪಕ್ಷವು ಅವರ ಹೆಸರನ್ನೇ ಹೊತ್ತಿತ್ತು. ೨೦೦೮ರಲ್ಲಿ ಆ ಒಂದು ಸ್ಥಾನವು ತಪ್ಪಿದೊಡನೆ ವಿಧಾನಸಭೆಯಲ್ಲಿ ಪಕ್ಷದ ದನಿಯೇ ಅಡಗಿತು.

ಜಾತ್ಯತೀತ ಜನತಾದಳದ ಕಥೆಯು ಇನ್ನೂ ಬೋಧಪ್ರದವಾದುದು. ಎರಡನೆಯ ಸಾಲಿನ ಮುಖಂಡರಾಗಿದ್ದ ಶ್ರೀ ಸಿದ್ದರಾಮಯ್ಯನವರನ್ನು ೨೦೦೫ರಲ್ಲಿ ಉಪಮುಖ್ಯಮಂತ್ರಿ ಪದವಿಯಿಂದ ಇಳಿಸಲಾಯಿತು. ಮರುವರ್ಷ ಶ್ರೀ ದೇವೇಗೌಡರ ಪುತ್ರರಾದ ಶ್ರೀ ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾದರು. ಸಿದ್ದರಾಮಯ್ಯನವರು ಕಾಂಗ್ರೆಸ್ಸನ್ನು ಸೇರಿ ೨೦೧೩ರಲ್ಲಿ ಅದೇ ಪೀಠವನ್ನೇರಿದರು. ಕಾರಣಗಳು ಹಲವಿರಬಹುದು, ಆದರೆ ೨೦೦೪ರಲ್ಲಿ ೫೮ ಸ್ಥಾನಗಳನ್ನು ಗೆದ್ದಿದ್ದ ದಳಕ್ಕೆ ೨೦೨೩ರಲ್ಲಿ ದಕ್ಕಿದವು ೧೯ ಮಾತ್ರ. ಮನೆಯೊಳಗೆ ದಾರಿ ಕಾಣದ ಸಮರ್ಥನು ನೆರೆಮನೆಯನ್ನು ಬೆಳಗಿಸುವನು.

ಈ ರೋಗವು ನಮ್ಮೊಬ್ಬರದೇ ಅಲ್ಲ. ಆಫ್ರಿಕಾ ಖಂಡದ ಜಿಂಬಾಬ್ವೆಯಲ್ಲಿ ಪ್ರತಿಪಕ್ಷದ ನಾಯಕ ಮಾರ್ಗನ್ ತ್ಸ್ವಾಂಗಿರಾಯ್ ೨೦೧೮ರ ಫೆಬ್ರವರಿಯಲ್ಲಿ ನಿಧನರಾದಾಗ ಪಕ್ಷಕ್ಕೆ ಉಪಾಧ್ಯಕ್ಷರು ಮೂವರಿದ್ದರು, ಒಪ್ಪಿತವಾದ ಉತ್ತರಾಧಿಕಾರಿಯೊಬ್ಬನಿರಲಿಲ್ಲ. ಅಲ್ಲಿಯ ಸುಪ್ರೀಂ ಕೋರ್ಟು ೨೦೨೦ರಲ್ಲಿ ತೀರ್ಪನ್ನು ಕೊಡುವಷ್ಟರಲ್ಲಿ ಪಕ್ಷವು ಒಡೆದಿತ್ತು.

ವಾರಸುದಾರರನ್ನು ಜನರೇ ಆರಿಸುವರಲ್ಲವೇ ಎಂದು ಕೆಲವರು ಕೇಳುವರು. ಗುಂಡ್ಲುಪೇಟೆಯ ಮತದಾರರು ದಿವಂಗತ ಮಹದೇವಪ್ರಸಾದರ ಪತ್ನಿಯನ್ನು ೨೦೧೭ರಲ್ಲಿ ಗೆಲ್ಲಿಸಿ, ೨೦೧೮ರಲ್ಲಿ ಸೋಲಿಸಿ, ೨೦೨೩ರಲ್ಲಿ ಪುತ್ರರನ್ನು ಆರಿಸಿದರು. ಕ್ಷೇತ್ರದ ಮಟ್ಟಿಗೆ ಮತದಾರನ ಈ ವಿವೇಚನೆಯು ಸ್ತುತ್ಯವೇ. ಆದರೆ ಪಕ್ಷದ ಗಾದಿಯು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯು ಅವನ ಮುಂದೆ ಬರುವುದೇ ಇಲ್ಲ. ಅದನ್ನು ನಿರ್ಣಯಿಸಬೇಕಾದ ಸಾಮಾನ್ಯ ಸದಸ್ಯನೂ ಜಯಘೋಷಕ್ಕೆ ಮಾತ್ರ ಬೇಕಾದವನಾಗಿದ್ದಾನೆ.

ಆಳುವ ಪಕ್ಷವನ್ನು ಅಧಿಕಾರವೇ ಹಿಡಿದಿಡುವುದು. ಪ್ರತಿಪಕ್ಷಕ್ಕೆ ನಿಯಮವೊಂದೇ ಆಧಾರ. ತಾಲ್ಲೂಕು ಸಮಿತಿಯಿಂದ ಅಧ್ಯಕ್ಷಪದವಿಯವರೆಗೆ ಕಾಲಕಾಲಕ್ಕೆ ನಿಜವಾದ ಚುನಾವಣೆಯು ನಡೆಯಲಿ. ಸರ್ಕಾರದ ಮೇಲೆ ದೂರುಳ್ಳ ಉಮ್ಮತ್ತೂರಿನ ರೈತನಿಗೆ ಬೇಕಾದುದು ಇನ್ನೊಬ್ಬ ಗಂಗರಾಜನಲ್ಲ. ನಾಯಕನು ಅಳಿದರೂ ಉಳಿದು ತನ್ನ ಅಹವಾಲನ್ನು ಎತ್ತಿ ಹೇಳುವ ಪಕ್ಷ.