ಮೊದಲು ನಕಲು, ಆಮೇಲೆ ಚಿಕಿತ್ಸೆ

ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. ೧೯೪೨ರ ಸೆಪ್ಟೆಂಬರಿನಲ್ಲಿ ಆ ಹಳ್ಳಿಯ ಜನರು ತಮ್ಮ ಊರು ಸ್ವತಂತ್ರವೆಂದು ಸಾರಿದಾಗ, ಕಂದಾಯ ವಸೂಲಿಗೆ ಬಂದವರಿಂದ ಕಸಿದುಕೊಂಡದ್ದು ಲೆಕ್ಕದ ಪುಸ್ತಕಗಳನ್ನು. ಅಧಿಕಾರವೆಂಬುದು ಲಾಠಿಯ ತುದಿಯಲ್ಲಿ ಮಾತ್ರವಲ್ಲ, ದಾಖಲೆಯ ಪುಟದಲ್ಲಿಯೂ ನೆಲಸಿರುತ್ತದೆಂಬುದನ್ನು ಆ ರೈತರು ಚೆನ್ನಾಗಿ ಬಲ್ಲವರಾಗಿದ್ದರು. ಮುಂದೆ ನಡೆದ ದಾರುಣ ಘಟನೆಗಳೂ, ೧೯೪೩ರ ಮಾರ್ಚ್ ತಿಂಗಳಿನಲ್ಲಿ ಐವರು ಗಲ್ಲಿಗೇರಿದುದೂ ಇತಿಹಾಸಕ್ಕೆ ಸೇರಿದ ಸಂಗತಿಗಳು.

ದಾಖಲೆಯ ಬೆಲೆ ಅಂದಿನಿಂದ ಇಂದಿನವರೆಗೆ ಕುಗ್ಗಿಲ್ಲ. ಅದರ ವಾಸಸ್ಥಾನ ಮಾತ್ರ ಬದಲಾಗಿದೆ. ೩೩ ಅಡಿಯ ಸರಪಳಿಯಿಂದ ಹೊಲವನ್ನಳೆದು ಟಿಪ್ಪಣಿ ಬರೆದಿಡುತ್ತಿದ್ದ ಕಾಲದಲ್ಲಿ ನಕ್ಷೆಯ ಶತ್ರುವೆಂದರೆ ಗೆದ್ದಲು. ಈಗ ಪಹಣಿ ಕಂಪ್ಯೂಟರನ್ನು ಸೇರಿದೆ. ಮನೆಯ ನಕ್ಷೆಯೂ ಸೇರಿದೆ. ಅಲ್ಲಿಗೆ ಗೆದ್ದಲು ಹೋಗದು. ಆದರೆ ಬೇರೆ ಶತ್ರುಗಳುಂಟು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮನುಷ್ಯನ ಆತುರ.

ಈಸೂರಿನ ಗೃಹಸ್ಥನೊಬ್ಬನು ಮನೆ ಕಟ್ಟಿಸಲು ಹೊರಟು, ತಾಲ್ಲೂಕಿನ ಪೇಟೆಯ ನಕ್ಷೆಗಾರನೊಬ್ಬನನ್ನು ಗೊತ್ತುಮಾಡಿದನೆಂದು ಊಹಿಸಬಹುದು. ಗುರುವಾರ ಗುದ್ದಲಿ ಪೂಜೆ; ಮೇಸ್ತ್ರಿಗೆ ಮುಂಗಡ ಸಂದಾಗಿದೆ. ನಕ್ಷೆಗಾರನ ಬಳಿ ಇರುವುದು ಹಳೆಯ ಯಂತ್ರ, ಅದರಲ್ಲಿ ವಿಂಡೋಸ್ ೯೮, ಅದರ ಮೇಲೆ ೧೯೯೭ರಲ್ಲಿ ಹೊರಬಂದ ಆಟೋಕ್ಯಾಡಿನ ೧೪ನೆಯ ಆವೃತ್ತಿ. ಹೊಸದನ್ನು ಕೊಳ್ಳಲು ಹಣವಿಲ್ಲದಿರುವುದು ಅಪರಾಧವೇನೂ ಅಲ್ಲ. ಬುಧವಾರ ಸಂಜೆ ನಕ್ಷೆಯನ್ನು ಉಳಿಸುವ ಆಜ್ಞೆ ಕೊಟ್ಟೊಡನೆಯೇ, ಡಿಸ್ಕಿನ ಮೇಲೆ ಬರೆಯಲಾಗುತ್ತಿಲ್ಲವೆಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಆತನು ಗಾಬರಿಯಿಂದ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾನೆ. ಅನರ್ಥಕ್ಕೆ ಮೂಲವಾಗುವುದು ಈ ಒತ್ತುವಿಕೆಯೇ.

ಇದರ ಕಾರಣವನ್ನು ತಿಳಿಯಬೇಕು. ನಕ್ಷೆಯನ್ನು ಉಳಿಸುವಾಗ ಆಟೋಕ್ಯಾಡ್ ಹಳೆಯ ಪ್ರತಿಯನ್ನು ಅಳಿಸಿಬಿಡುವುದಿಲ್ಲ. ಅದಕ್ಕೆ ‘ಬ್ಯಾಕ್’ ಎಂಬ ಬಾಲವನ್ನು ತಗುಲಿಸಿ ಪಕ್ಕಕ್ಕಿಟ್ಟು, ಹೊಸ ಪ್ರತಿಯನ್ನು ‘ಡಿಡಬ್ಲ್ಯೂಜಿ’ ಎಂಬ ಬಾಲದೊಡನೆ ಬರೆಯುತ್ತದೆ. ಹೊಸ ಪ್ರತಿ ಕೆಟ್ಟರೂ ಹಳೆಯದು ಉಳಿದಿರುತ್ತದೆ. ಎರಡನೆಯ ಬಾರಿ ಉಳಿಸಿದರೆ, ಆ ಕೆಟ್ಟ ಪ್ರತಿಯೇ ‘ಬ್ಯಾಕ್’ ಆಗಿ ಕುಳಿತು, ಒಳ್ಳೆಯ ಪ್ರತಿ ಅಳಿದುಹೋಗುವ ಸಂಭವವುಂಟು. ಕಾವಲುಗಾರನನ್ನು ಮನೆಯಾತನೇ ಹೊರಗೆ ದೂಡಿದಂತೆ!

ಆದುದರಿಂದ ಸೂಚನೆ ಕಂಡ ಕ್ಷಣದಲ್ಲಿ ಕೈಯನ್ನು ತಡೆಯಬೇಕು. ನಕ್ಷೆ ತೆರೆದಿದ್ದರೆ ಅದನ್ನು ಮುಚ್ಚತಕ್ಕದ್ದಲ್ಲ. ಯಂತ್ರವನ್ನು ಆರಿಸತಕ್ಕದ್ದೂ ಅಲ್ಲ. ಡಿಸ್ಕು ಕೆಟ್ಟಿದ್ದರೂ ಯಂತ್ರದ ಸ್ಮೃತಿಯಲ್ಲಿರುವ ನಕ್ಷೆ ಇನ್ನೂ ಆರೋಗ್ಯವಾಗಿರಬಹುದು. ಅದನ್ನು ಹೊಸ ಹೆಸರಿನಿಂದ ಬೇರೊಂದು ಡಿಸ್ಕಿಗೆ ಉಳಿಸುವುದೇ ಮೊದಲ ಕರ್ತವ್ಯ. ಬೇರೆ ಡಿಸ್ಕಿಲ್ಲದಿದ್ದರೆ ಫ್ಲಾಪಿಯಾದರೂ ಆದೀತು. ಆದರೆ ಅದರಲ್ಲಿ ಹಿಡಿಸುವುದು ೧.೪೪ ಮೆಗಾಬೈಟು ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದ ಫ್ಲಾಪಿಯನ್ನು ಯಂತ್ರದೊಳಕ್ಕೆ ತೂರಿದರೆ ಅದನ್ನು ಓದುವ ತಲೆಯೂ ಮಲಿನವಾಗುತ್ತದೆಂಬುದನ್ನು ಮರೆಯಬಾರದು.

ನಕಲು ಭದ್ರವಾದ ಮೇಲೆ ರೋಗದ ವಿಚಾರ. ಡಿಸ್ಕಿನ ದೋಷಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸ್ಥಳದ ಅಭಾವ. ಹಳೆಯ ಪ್ರತಿ, ಹೊಸ ಪ್ರತಿ, ಕೆಲಸದ ನಡುವೆ ಹುಟ್ಟುವ ತಾತ್ಕಾಲಿಕ ಫೈಲುಗಳು—ಇವೆಲ್ಲಕ್ಕೂ ಏಕಕಾಲದಲ್ಲಿ ಜಾಗ ಬೇಕು. ನಕ್ಷೆ ಚಿಕ್ಕದಾಗಿದ್ದರೂ ಡಿಸ್ಕು ತುಂಬಿತೆಂಬ ದೂರು ಬರುವುದು ಇದರಿಂದಲೇ. ಆಟೋಕ್ಯಾಡನ್ನು ಮುಚ್ಚಿದ ಮೇಲೆ ಹಳೆಯ ತಾತ್ಕಾಲಿಕ ಫೈಲುಗಳನ್ನು ತೆಗೆದರೆ ಈ ರೋಗ ಗುಣವಾಗುತ್ತದೆ. ಆದರೆ ಒಂದು ಎಚ್ಚರಿಕೆ. ಆಟೋಕ್ಯಾಡ್ ತಾನಾಗಿಯೇ ಆಗಾಗ ಉಳಿಸುವ ಪ್ರತಿಗೆ ‘ಎಸ್‌ವಿ’ ಎಂಬ ಅಕ್ಷರಗಳೂ ಡಾಲರಿನ ಚಿಹ್ನೆಯೂ ಬಾಲವಾಗಿರುತ್ತವೆ. ಅದು ಕಸದಂತೆ ಕಂಡರೂ ಕಸವಲ್ಲ. ಕೆಲಸ ಸರಿಯಾಗಿ ಮುಗಿದಾಗ ಅದು ತಾನೇ ಮಾಯವಾಗುತ್ತದೆ. ಅದು ಉಳಿದಿದೆಯೆಂದರೆ ಎಲ್ಲೋ ಅಪಘಾತವಾಗಿದೆಯೆಂದೇ ಅರ್ಥ. ಅದರ ನಕಲಿಗೆ ‘ಡಿಡಬ್ಲ್ಯೂಜಿ’ ಎಂಬ ಬಾಲವಿಟ್ಟು ತೆರೆದರೆ, ಕಳೆದುಹೋಯಿತೆಂದು ತಿಳಿದ ನಕ್ಷೆ ಎಷ್ಟೋ ವೇಳೆ ದೊರೆಯುತ್ತದೆ.

ಎರಡನೆಯದು ಲೆಕ್ಕದ ಗೊಂದಲ. ಯಾವ ಭಾಗ ಯಾವ ಫೈಲಿನದೆಂದು ಡಿಸ್ಕಿನಲ್ಲಿಯೇ ಒಂದು ಪಟ್ಟಿಯಿರುತ್ತದೆ. ಅದನ್ನು ಡಿಸ್ಕಿನ ಪಹಣಿಯೆನ್ನಬಹುದು. ಬರೆಯುತ್ತಿರುವಾಗ ಕರೆಂಟು ಹೋದರೆ ಪಹಣಿ ತಪ್ಪಾಗುತ್ತದೆ. ಕೆಲವು ಜಮೀನಿಗೆ ಖಾತೆದಾರನೇ ಇಲ್ಲ. ಕೆಲವು ಜಮೀನು ಇಬ್ಬರ ಖಾತೆಯಲ್ಲಿ! ಇದನ್ನು ಸರಿಪಡಿಸುವ ‘ಸ್ಕ್ಯಾನ್‌ಡಿಸ್ಕ್’ ಎಂಬ ಸಾಧನ ೧೯೯೩ರಲ್ಲಿ ಡಾಸ್ ೬.೨ರೊಡನೆ ಬಂದಿತು. ಆದರೆ ಅದು ತಿದ್ದುವುದು ಡಿಸ್ಕಿನ ಲೆಕ್ಕವನ್ನೇ ಹೊರತು ನಕ್ಷೆಯ ಗೆರೆಗಳನ್ನಲ್ಲ. ಲೆಕ್ಕ ಸರಿಹೊಂದಿಸುವ ಭರದಲ್ಲಿ ಫೈಲಿನ ತುದಿಯನ್ನೇ ಅದು ಕತ್ತರಿಸಿದರೂ ಕತ್ತರಿಸೀತು. ಅದಕ್ಕಾಗಿಯೇ ನಕಲು ಮೊದಲು, ಚಿಕಿತ್ಸೆ ಅನಂತರ. ಕೆಟ್ಟ ನಕ್ಷೆಗೆ ಆಟೋಕ್ಯಾಡಿನಲ್ಲಿಯೇ ‘ರಿಕವರ್’ ಎಂಬ ಆಜ್ಞೆಯಿದೆ; ಅದನ್ನೂ ನಕಲಿನ ಮೇಲೆ ಪ್ರಯೋಗಿಸುವುದು ಲೇಸು.

ಮೂರನೆಯದು ಡಿಸ್ಕಿನ ದೇಹಕ್ಕೇ ಬಂದ ಜಾಡ್ಯ. ಒಳಗಿನಿಂದ ಟಕ್ ಟಕ್ ಎಂಬ ಸದ್ದು, ಒಂದು ಫೈಲನ್ನು ತೆರೆಯಲು ನಿಮಿಷಗಟ್ಟಲೆ ಕಾಲ, ದಿನದಿಂದ ದಿನಕ್ಕೆ ಹೆಚ್ಚುವ ಕೆಟ್ಟ ಭಾಗಗಳು—ಇವು ಲಕ್ಷಣಗಳು. ಇಂತಹ ಡಿಸ್ಕನ್ನು ಗಂಟೆಗಟ್ಟಲೆ ಪರೀಕ್ಷಿಸುವುದು ಬಳಲಿದ ರೋಗಿಯನ್ನು ಬೆಟ್ಟ ಹತ್ತಿಸಿದಂತೆ. ಬೇಕಾದ ಫೈಲುಗಳನ್ನು ಹೊರಗೆ ತೆಗೆದು ಅದಕ್ಕೆ ವಿಶ್ರಾಂತಿ ಕೊಡುವುದೇ ಸರಿ.

ಹಾಗೆಂದು ಎಲ್ಲ ದೋಷವನ್ನೂ ಡಿಸ್ಕಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸಡಿಲವಾದ ಕೇಬಲ್ಲು, ತೇವದಿಂದ ಕಿಲುಬು ಹಿಡಿದ ಸೂಜಿಗಳು ಇದೇ ಬಗೆಯ ಸೂಚನೆಯನ್ನು ಮೂಡಿಸುತ್ತವೆ. ಯಂತ್ರದೊಳಗಿನ ನಾಣ್ಯದಾಕಾರದ ಚಿಕ್ಕ ಬ್ಯಾಟರಿ ಸತ್ತರೆ, ತನಗೆ ಡಿಸ್ಕೊಂದಿದೆ ಎಂಬುದನ್ನೇ ಹಳೆಯ ಯಂತ್ರ ಮರೆತುಬಿಡುವುದುಂಟು. ಅಲ್ಪ ಬೆಲೆಯ ಬ್ಯಾಟರಿಯಿಂದ ತೀರುವ ತೊಂದರೆಗೆ ಡಿಸ್ಕನ್ನೇ ಫಾರ್ಮ್ಯಾಟು ಮಾಡಿ ವರ್ಷಗಳ ದುಡಿಮೆಯನ್ನು ಒರೆಸಿಹಾಕುವುದು ಎಂತಹ ಅವಿವೇಕ!

ನಕ್ಷೆಯೆಂಬುದು ಬರಿಯ ಗೆರೆಗಳ ಜಾಲವಲ್ಲ. ಅದರಲ್ಲಿ ಅಳತೆಗಾರನ ಬೆವರಿದೆ, ಮನೆಯೊಡೆಯನ ಸಾಲವಿದೆ, ನೆರೆಹೊರೆಯವರು ಒಪ್ಪಿಕೊಂಡ ಎಲ್ಲೆಯಿದೆ. ಒಮ್ಮೆ ಅಳಿದರೆ ಗೆರೆಯನ್ನು ಪುನಃ ಎಳೆಯಬಹುದು. ಆ ಒಪ್ಪಿಗೆಯನ್ನು ಪುನಃ ಪಡೆಯುವುದು ಸುಲಭವಲ್ಲ. ಪ್ರತಿ ಸಂಜೆ ಕೆಲಸ ಮುಗಿದೊಡನೆ ಎರಡು ನಕಲು ಮಾಡಿ, ಒಂದನ್ನು ಯಂತ್ರವಿಲ್ಲದ ಇನ್ನೊಂದು ಕಡೆ ಇಟ್ಟು, ಆಗಾಗ ತೆರೆದು ನೋಡುವ ನಕ್ಷೆಗಾರನಿಗೆ ಬುಧವಾರದ ಸಂಜೆ ಕಂಗಾಲಾಗಬೇಕಾದ ಪ್ರಮೇಯವಿಲ್ಲ. ಗುರುವಾರದ ಗುದ್ದಲಿ ನಿಶ್ಚಿತ ಮುಹೂರ್ತದಲ್ಲಿಯೇ ನೆಲವನ್ನು ಮುಟ್ಟುತ್ತದೆ.