ಹಸುಗೂಸಿನ ಲೆಕ್ಕ ಯಾರ ಹತ್ರ ಇದೆ?

(1/4)
ಲಿಸ್ಟ್ ಆದ ಕಂಪನಿ ಮೂರು ತಿಂಗಳಿಗೊಮ್ಮೆ ಲಾಭ-ನಷ್ಟ ತೋರಿಸ್ಲೇಬೇಕು. ಬಿಕಾಂನವ್ರಿಗೆ ಇದು ಬಾಯಿಪಾಠ. ಈಗ ಹೇಳಿ, ನಿಮ್ಮೂರಿನ ಆಸ್ಪತ್ರೆಯ ಎನ್‌ಐಸಿಯುನಲ್ಲಿ ಕಳೆದ ಮೂರು ತಿಂಗಳಲ್ಲಿ ಎಷ್ಟು ಮಕ್ಕಳಿಗೆ ರಕ್ತದ ಸೋಂಕು ಆಯ್ತು? ಅದರಲ್ಲಿ ಎಷ್ಟು ಮಕ್ಕಳಿಗೆ ಅಲ್ಲಿಗೆ ಬಂದ ಮೇಲೆ ತಗುಲಿದ್ದು? ಎಲ್ಲಿ ನೋಡ್ತೀರಿ?

ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ದರಪಟ್ಟಿಯನ್ನ ಜನರಿಗೆ ಕಾಣೋ ಹಾಗೆ ಹಾಕ್ಬೇಕು. ಸೋಂಕಿನ ಬೋರ್ಡನ್ನ ನಾನಂತೂ ಎಲ್ಲೂ ನೋಡಿಲ್ಲ.

ನಾನು ಹೇಳೋದು ಇಷ್ಟೇ. ಸರ್ಕಾರಿ ಇರ್ಲಿ, ಖಾಸಗಿ ಇರ್ಲಿ, ಎನ್‌ಐಸಿಯುಗೆ ಬಂದ ಪ್ರತಿ ಮಗುವೂ ಒಂದೇ ಕಂಪ್ಯೂಟರ್ ರಿಜಿಸ್ಟರ್‌ಗೆ ಸೇರ್ಬೇಕು. ಮತ್ತೆ ಆ ಲೆಕ್ಕ ವಾರ್ಡಿಗೆ ವಾಪಸ್ ಬರ್ಬೇಕು.

(2/4)
"ಕಂಪ್ಯೂಟರ್ ಮಗು ಉಳಿಸುತ್ತಾ?" ಅಂತ ಕೇಳೋವ್ರಿಗೆ ಇದು.

ಒಂದು ಮಗುಗೆ ಸೋಂಕು ಬಂದ್ರೆ ನಾವು ಹಣೆಬರಹ ಅಂತೀವಿ. ಒಂದೇ ತಿಂಗಳಲ್ಲಿ ಐದು ಮಕ್ಕಳಿಗೆ ಒಂದೇ ಬ್ಯಾಕ್ಟೀರಿಯಾ ಬಂದ್ರೆ ಅದು ಹಣೆಬರಹ ಅಲ್ಲ. ಸಿಂಕ್ ನೋಡ್ಬೇಕು, ಡ್ರಿಪ್ ಹಾಕೋ ರೀತಿ ನೋಡ್ಬೇಕು, ಕೈ ತೊಳೀತಿದ್ದಾರಾ ನೋಡ್ಬೇಕು. ಆದ್ರೆ ಆ ಐದೂ ಎಂಟ್ರಿ ರಟ್ಟಿನ ಪುಸ್ತಕದ ಐದು ಬೇರೆ ಬೇರೆ ಪುಟದಲ್ಲಿ, ಐದು ಶಿಫ್ಟ್‌ನವರ ಕೈಬರಹದಲ್ಲಿ ಇರುತ್ತೆ. ಜರ್ನಲ್ ಬರೆದು ಲೆಡ್ಜರ್‌ಗೆ ಪೋಸ್ಟ್ ಮಾಡದೇ ಇದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?

ಲೆಕ್ಕ ಹಾಕಿದ್ರೆ ಏನು ಕಾಣುತ್ತೆ ಅನ್ನೋದಕ್ಕೆ ದೆಹಲಿಯ ಉದಾಹರಣೆ ನೋಡಿ. ಅಲ್ಲಿನ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,530 ನವಜಾತ ಶಿಶುಗಳನ್ನ ಒಂದೇ ಪದ್ಧತಿಯಲ್ಲಿ ದಾಖಲಿಸಿ ಗಮನಿಸಿದ್ರು. ಡೆನಿಸ್ ಅಧ್ಯಯನ ಅಂತಾರೆ, 2016ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂತು. 14.3% ಮಕ್ಕಳಿಗೆ ಸೆಪ್ಸಿಸ್. ಸಿಕ್ಕ ಅಸಿನೆಟೊಬ್ಯಾಕ್ಟರ್‌ನಲ್ಲಿ 82% ಹಲವು ಆಂಟಿಬಯೋಟಿಕ್‌ಗೆ ಬಗ್ಗದ್ದು. ಹೆಚ್ಚಿನ ಸೋಂಕು ಹುಟ್ಟಿದ 72 ಗಂಟೆಯೊಳಗೇ! ಯಾವ ಔಷಧಿ ಮೊದಲು ಕೊಡ್ಬೇಕು ಅನ್ನೋ ತೀರ್ಮಾನಾನೇ ಇಂಥ ಲೆಕ್ಕದ ಮೇಲೆ ನಿಂತಿದೆ.

(3/4)
ಸರ್ಕಾರಿ ಎಸ್‌ಎನ್‌ಸಿಯುಗಳಿಗೆ ಆನ್‌ಲೈನ್ ವ್ಯವಸ್ಥೆ ಈಗಾಗಲೇ ಇದೆ, ಒಪ್ತೀನಿ. ನನ್ನ ಜಗಳ ಅದನ್ನ "ಮೇಲಕ್ಕೆ ಕಳಿಸೋ ರಿಪೋರ್ಟ್" ಅಂತ ನೋಡೋ ಮನಸ್ಸಿನ ಜೊತೆ.

ನರ್ಸ್‌ಗಳಿಗೆ ಟೈಪ್ ಮಾಡೋಕೆ ಟೈಮ್ ಎಲ್ಲಿದೆ ಅಂತೀರಾ? ಸರಿಯಾದ ಪ್ರಶ್ನೆ. ಅದಕ್ಕೆ ಡೇಟಾ ಎಂಟ್ರಿಗೆ ಬೇರೆ ಜನ ಇಡಿ, ಸಂಬಳ ಕೊಡಿ. ಸಿಸ್ಟರ್ ಕೈಯಲ್ಲಿ ಮಗು ಇರ್ಲಿ, ಮೌಸ್ ಬೇಡ. (ನಮ್ಮ ಬ್ಯಾಚ್‌ನಲ್ಲೇ ಕೆಲಸ ಹುಡುಕ್ತಿರೋರು ಎಷ್ಟಿದ್ದಾರೆ!)

ಇನ್ನೊಂದು ವಾದ: ಅಂಕಿ ಹೊರಗೆ ಬಿಟ್ರೆ ಸೀರಿಯಸ್ ಮಕ್ಕಳನ್ನ ತಗೊಳ್ಳೋದೇ ಬಿಡ್ತಾರೆ. ಈ ಭಯ ಸುಳ್ಳಲ್ಲ. ಸುಮ್ನೆ ಲೆಕ್ಕಕ್ಕೆ, ಒಂದು ಕಡೆ 100 ಮಕ್ಕಳಲ್ಲಿ 5 ಸಾವು, ಇನ್ನೊಂದು ಕಡೆ 12 ಅಂದ್ಕೊಳ್ಳಿ. ಎರಡನೇದು ಕೆಟ್ಟ ಆಸ್ಪತ್ರೆನಾ? ಅಲ್ಲಿಗೆ ಬರೋರೆಲ್ಲ ಒಂದು ಕೆಜಿ ತೂಕದವರು, ಬೇರೆ ಊರಿಂದ ಆಂಬುಲೆನ್ಸ್‌ನಲ್ಲಿ ತಣ್ಣಗಾಗಿ ಬಂದವರು ಆಗಿದ್ರೆ? ಅದಕ್ಕೇ ರಿಜಿಸ್ಟರ್‌ನಲ್ಲಿ ತೂಕ, ಎಷ್ಟು ವಾರಕ್ಕೆ ಹುಟ್ಟಿದ್ದು, ಅಲ್ಲೇ ಹುಟ್ಟಿದ್ದಾ ಹೊರಗಿಂದ ಬಂದಿದ್ದಾ ಅನ್ನೋ ಕಾಲಂ ಬೇಕು. ಅರ್ಧಂಬರ್ಧ ಲೆಕ್ಕ ಇದ್ರೆ ಕಷ್ಟದ ಮಕ್ಕಳನ್ನ ನೋಡೋ ಡಾಕ್ಟರ್‌ಗೇ ಕೆಟ್ಟ ಹೆಸರು. ಮಗುವಿನ, ಅಮ್ಮನ ಹೆಸರು ಹೊರಗೆ ಬರೋ ಅಗತ್ಯ ಇಲ್ಲವೇ ಇಲ್ಲ.

(4/4)
ಡಿಸ್ಚಾರ್ಜ್ ಆದ ಮೇಲೆ? ನನಗೆ ಜಾಸ್ತಿ ಸಿಟ್ಟು ಬರೋದು ಇಲ್ಲೇ.

ತೀರಾ ಬೇಗ ಹುಟ್ಟಿದ ಮಗುವಿಗೆ ಆರ್‌ಒಪಿ ಅನ್ನೋ ಕಣ್ಣಿನ ತೊಂದರೆ ಬರಬಹುದು. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಹುಟ್ಟಿ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗ್ಬೇಕು. ಸಮಯಕ್ಕೆ ಸಿಕ್ಕಿದ್ರೆ ಲೇಸರ್ ಮಾಡಿ ದೃಷ್ಟಿ ಉಳಿಸಬಹುದು, ತಪ್ಪಿದ್ರೆ ಜೀವನಪೂರ್ತಿ ಕುರುಡಾಗಬಹುದು. ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಶುರು ಮಾಡಿ, ಟೆಕ್ನಿಷಿಯನ್‌ಗಳನ್ನ ಕ್ಯಾಮೆರಾ ಸಮೇತ ಹಳ್ಳಿ ಕಡೆಯ ಎನ್‌ಐಸಿಯುಗಳಿಗೆ ಕಳಿಸಿ, ಫೋಟೋ ತರಿಸಿಕೊಂಡು ನೋಡ್ತಾರೆ. ಅಂದ್ರೆ ಕ್ಯಾಮೆರಾ ಮಗುವಿನ ಹತ್ರಕ್ಕೇ ಹೋಗುತ್ತೆ. ಆದ್ರೆ 20ನೇ ದಿನ ಮನೆಗೆ ಹೋದ ಮಗು ಯಾವ ಊರಲ್ಲಿದೆ, ಪರೀಕ್ಷೆ ಆಯ್ತಾ ಅಂತ ಹೇಳೋದು ಕ್ಯಾಮೆರಾ ಅಲ್ಲ, ರಿಜಿಸ್ಟರ್.

ಆರ್‌ಟಿಐ ಅರ್ಜಿಗೆ 10 ರೂಪಾಯಿ. ಕರ್ನಾಟಕದಲ್ಲಿ 150 ಪದ ಮೀರೋ ಹಾಗಿಲ್ಲ, ಇದಕ್ಕೆ ಅಷ್ಟೂ ಬೇಡ. ನಿಮ್ಮ ಜಿಲ್ಲಾಸ್ಪತ್ರೆಗೆ ಕೇಳಿ: ಕಳೆದ ವರ್ಷ ಎಸ್‌ಎನ್‌ಸಿಯುಗೆ ಎಷ್ಟು ಮಕ್ಕಳು ಬಂದ್ರು, ಎಷ್ಟು ಮಕ್ಕಳಿಗೆ ಸೆಪ್ಸಿಸ್ ಆಯ್ತು, ಆರ್‌ಒಪಿ ಪರೀಕ್ಷೆ ಆಗಬೇಕಾಗಿದ್ದವರಲ್ಲಿ ಎಷ್ಟು ಜನಕ್ಕೆ ಆಯ್ತು. ಉತ್ತರ ಬಂದ್ರೆ ನನಗೆ ಡಿಎಂ ಮಾಡಿ, ಹೆಸರು ಮುಚ್ಚಿ ಸ್ಟೋರಿಗೆ ಹಾಕ್ತೀನಿ.

#ನವಜಾತಶಿಶು #ಎನ್‌ಐಸಿಯು #ಲೆಕ್ಕಕೊಡಿ